ಮಗಳಿಗೊಂದು ಪತ್ರ: ಎಡಭಾಗದ ಹೊಲಿಗೆ

ಪ್ರೀತಿಯ ಮಗಳಿಗೆ,

ಅಮ್ಮನ ಆಶೀರ್ವಾದಗಳು. ದಿನ ಬಿಟ್ಟು ದಿನ ಫೋನಿನಲ್ಲಿ ಮಾತನಾಡುವವಳು ಇದ್ದಕ್ಕಿದ್ದಂತೆ ಪತ್ರ ಬರೆದಿದ್ದಾಳೆಂದು ಗಾಬರಿಯಾಗಬೇಡ. ಮೊನ್ನೆಯ ತಪಾಸಣೆಯಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಕ್ಯಾನ್ಸರಿಗಾಗಿ ನನ್ನ ಎಡ ಸ್ತನವನ್ನು ತೆಗೆದ ವಿಷಯವನ್ನು ಫೋನಿನಲ್ಲಿ ಎತ್ತಿದರೆ ನೀನು ಅರ್ಧಕ್ಕೇ ಅಳತೊಡಗುತ್ತೀಯೆ, ನಿನ್ನನ್ನು ಸಮಾಧಾನಪಡಿಸುವಷ್ಟರಲ್ಲಿ ನಾನು ಹೇಳಬೇಕೆಂದದ್ದು ಗಂಟಲಲ್ಲೇ ಉಳಿದುಬಿಡುತ್ತದೆ. ಪತ್ರಕ್ಕೆ ಇಷ್ಟೇ ಕಾರಣ.

ಕಳೆದ ಸಲ ನೀನು ಬಂದಿದ್ದಾಗ ಯಾರೋ ಬಾಗಿಲು ತಟ್ಟಿದರು. ನಾನು ಎದ್ದು ಎರಡು ಹೆಜ್ಜೆ ಇಡುವಷ್ಟರಲ್ಲಿ ನೀನು ನನ್ನ ತೋಳು ಹಿಡಿದು, ‘ಅಮ್ಮಾ, ಅದನ್ನು ಹಾಕಿಕೊಂಡು ಹೋಗು’ ಎಂದು ಪಿಸುಗುಟ್ಟಿದೆ. ನಾನು ಏನೂ ಹೇಳದೆ ಒಳಗೆ ಹೋಗಿ, ಡಬ್ಬಿಯಲ್ಲಿದ್ದ ಸಿಲಿಕೋನ್ ಸ್ತನವನ್ನು ತೆಗೆದು ಬ್ರಾದ ಒಳಜೇಬಿಗೆ ಸೇರಿಸಿಕೊಂಡು ಬಂದೆ. ಅಷ್ಟರಲ್ಲಿ ಬಂದವರು ಹೊರಟುಹೋಗಿದ್ದರು. ನಿನ್ನ ಮೇಲೆ ಕೋಪ ಬರಲಿಲ್ಲವೆಂದರೆ ಸುಳ್ಳಾಗುತ್ತದೆ; ಎರಡು ದಿನ ಚೆನ್ನಾಗಿಯೇ ಇತ್ತು. ಮೂರನೆಯ ದಿನ, ನಿನಗೆ ನಾನು ಯಾವುದನ್ನೂ ಸರಿಯಾಗಿ ಹೇಳಿಯೇ ಇಲ್ಲವಲ್ಲ ಎನ್ನಿಸಿತು.

ಶಸ್ತ್ರಚಿಕಿತ್ಸೆಗೆ ಮೊದಲು ನನ್ನ ವೈದ್ಯರು ಸ್ತನ ಮರುನಿರ್ಮಾಣದ, ಅಂದರೆ ತೆಗೆದ ಜಾಗದಲ್ಲಿ ಹೊಸ ಸ್ತನವನ್ನು ಕಟ್ಟುವ ಮಾತನ್ನೇ ಎತ್ತಲಿಲ್ಲ. ನಾನಾಗಿ ಕೇಳಿದಾಗ, ‘ಅರವತ್ತೆಂಟಕ್ಕೆ ಅದೆಲ್ಲ ಯಾಕೆ’ ಎಂದು ನಕ್ಕು, ಮುಂದಿನ ಹಾಳೆ ತಿರುಗಿಸಿದರು. ಹತ್ತಿರದವರೊಬ್ಬರು, ‘ಇನ್ನು ಯಾರಿಗೆ ತೋರಿಸಬೇಕಾಗಿದೆ ಬಿಡಿ’ ಎಂದು ನನಗೆ ಸಮಾಧಾನ ಹೇಳಿದರು. ನಿನ್ನ ಅಪ್ಪ ತೀರಿಹೋದ ಮೇಲೆ ನನ್ನ ಮೊಲೆಗೆ ವಾರಸುದಾರರೇ ಇಲ್ಲವೇನೋ ಎಂಬಂತಿತ್ತು ಆ ಸಮಾಧಾನ. ನೀನು ಇವರಿಬ್ಬರಿಗೂ ತದ್ವಿರುದ್ಧ. ‘ಹಟ ಹಿಡಿದಾದರೂ ಮಾಡಿಸಿಕೋ, ಆಮೇಲೆ ಕೊರಗುತ್ತೀಯೆ’ ಎಂದು ವಾರಗಟ್ಟಲೆ ಹೇಳಿದೆ. ಯೋಚಿಸಿ ನೋಡು, ಮೂವರೂ ಉತ್ತರವನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದಿರಿ. ನಿನಗೇನು ಬೇಕು ಎಂದು ಕೇಳಿದವರು ಒಬ್ಬರೂ ಇಲ್ಲ.

ನಾನು ಬೇಡವೆಂದದ್ದು ವಯಸ್ಸಾಯಿತೆಂದು ಅಲ್ಲ. ದೇಹಸ್ಥಿತಿ ಚೆನ್ನಾಗಿದ್ದರೆ ಮರುನಿರ್ಮಾಣಕ್ಕೆ ವಯಸ್ಸೊಂದೇ ಅಡ್ಡಿಯಲ್ಲ ಎಂದು ಎರಡನೆಯ ಅಭಿಪ್ರಾಯಕ್ಕಾಗಿ ನಾನೊಬ್ಬಳೇ ಹೋಗಿ ಕಂಡ ಪ್ಲಾಸ್ಟಿಕ್ ಸರ್ಜನ್ ಸ್ಪಷ್ಟವಾಗಿ ಹೇಳಿದರು. (ನಿನಗೆ ಈ ಭೇಟಿಯ ವಿಷಯ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.) ಒಳಗೆ ಇಂಪ್ಲಾಂಟ್ ಇಟ್ಟರೆ ಅದು ಜೀವನಪೂರ್ತಿ ಬಾಳುವ ವಸ್ತುವಲ್ಲವೆಂದೂ, ಹೊಟ್ಟೆಯ ಭಾಗದ ಕೊಬ್ಬು ಮತ್ತು ಚರ್ಮವನ್ನು ತಂದು ಕಟ್ಟುವುದಾದರೆ ಹಲವು ಗಂಟೆಗಳ ಶಸ್ತ್ರಚಿಕಿತ್ಸೆಯ ಜೊತೆಗೆ ಗುಣವಾಗಬೇಕಾದ ಇನ್ನೊಂದು ಗಾಯವನ್ನೂ ಒಪ್ಪಿಕೊಳ್ಳಬೇಕೆಂದೂ ಅವರು ಸಾವಧಾನವಾಗಿ ವಿವರಿಸಿದರು. ನಾನು ಒಂದೇ ಪ್ರಶ್ನೆ ಕೇಳಿದೆ: ಮುಟ್ಟಿದರೆ ನನಗೆ ಗೊತ್ತಾಗುತ್ತದೆಯೇ? ಮೊದಲಿನ ಸ್ಪರ್ಶಜ್ಞಾನ ಹಾಗೆಯೇ ಮರಳುವುದಿಲ್ಲ, ಬಹಳ ಮಂದಿಗೆ ಅಲ್ಲಿ ಮರಗಟ್ಟಿದಂತೆಯೇ ಇರುತ್ತದೆ ಎಂದರು. ನೋಡುವವರ ಪಾಲಿಗೆ ಮಾತ್ರ ಸ್ತನವಾಗಿ, ನನ್ನ ಪಾಲಿಗೆ ಏನೂ ಅಲ್ಲದ ಒಂದು ವಸ್ತುವಿಗಾಗಿ ಇನ್ನಷ್ಟು ತಿಂಗಳು ಹಾಸಿಗೆ ಹಿಡಿಯಲು ನನಗೆ ಮನಸ್ಸಾಗಲಿಲ್ಲ. ಬೇರೆಯವಳಿಗೆ ಆಗಬಹುದು, ಅದು ಅವಳ ಲೆಕ್ಕ. ನಿನ್ನ ಗೆಳತಿಯ ಅಕ್ಕ ಮಾಡಿಸಿಕೊಂಡು ಸುಖವಾಗಿದ್ದಾಳೆ ಎಂದೆಯಲ್ಲ, ನನಗೂ ಕೇಳಿ ಸಂತೋಷವಾಯಿತು.

ಫ್ಯಾನಿ ಬರ್ನಿ ಎಂಬ ಇಂಗ್ಲಿಷ್ ಲೇಖಕಿಯ ವಿಷಯ ನಿನಗೆ ಗೊತ್ತಿರಲಾರದು. 1811ರ ಸೆಪ್ಟೆಂಬರ್ 30ರಂದು ಪ್ಯಾರಿಸಿನಲ್ಲಿ, ಅರಿವಳಿಕೆ ಎಂಬುದೇ ಇಲ್ಲದ ಕಾಲದಲ್ಲಿ, ಆಕೆಯ ಒಂದು ಸ್ತನವನ್ನು ತೆಗೆದರು. ತೆಗೆದ ವೈದ್ಯರ ತಂಡದಲ್ಲಿ ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಲಾರ್ರೆ ಇದ್ದ. ಮುಖಕ್ಕೆ ಮುಚ್ಚಿದ ಕರವಸ್ತ್ರ ಎಷ್ಟು ತೆಳ್ಳಗಿತ್ತೆಂದರೆ ತನ್ನ ಸುತ್ತ ನಿಂತವರನ್ನೂ ಹೊಳೆಯುವ ಕತ್ತಿಯನ್ನೂ ಆಕೆ ಅದರ ಮೂಲಕವೇ ನೋಡುತ್ತಿದ್ದಳು. ತಿಂಗಳುಗಳು ಕಳೆದ ಮೇಲೆ ಅಕ್ಕನಿಗೆ ಬರೆದ ಪತ್ರದಲ್ಲಿ ಅದನ್ನೆಲ್ಲ ಹೇಳಿದ್ದಾಳೆ. ಆಗ ಅವಳಿಗೆ ಐವತ್ತೊಂಬತ್ತು ವರ್ಷ, ಬದುಕಿದ್ದು ಎಂಬತ್ತೇಳರವರೆಗೆ. ಅವಳ ನೋವಿನ ಮುಂದೆ ನನ್ನದು ಯಾವ ಲೆಕ್ಕ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಎಲ್ಲರೂ ಸುತ್ತ ನಿಂತು ಸನ್ನೆಯಲ್ಲಿ ಮಾತನಾಡಿಕೊಳ್ಳುತ್ತಿರುವಾಗ ತೆಳುಬಟ್ಟೆಯ ಅಡಿಯಿಂದ ನೋಡುವುದೆಂದರೇನೆಂದು ನನಗೂ ಸ್ವಲ್ಪ ಗೊತ್ತು ಎಂದಷ್ಟೇ.

ಇನ್ನು ನೀನು ನೋಡದೇ ಉಳಿದದ್ದನ್ನು ಹೇಳುತ್ತೇನೆ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ವಾರವೆಲ್ಲ, ಗಾಯದ ನೀರು ಹೊರಹರಿಯಲು ಎದೆಗೆ ಇಟ್ಟಿದ್ದ ನಳಿಕೆಗಳ, ಅಂದರೆ ಡ್ರೇನಿನ ಬುರುಡೆಗಳನ್ನು ಖಾಲಿ ಮಾಡಿ, ಅಳೆದು, ಪುಸ್ತಕದಲ್ಲಿ ಬರೆದಿಟ್ಟವಳು ನೀನೇ. ಕೆಂಪು ನೀರು ನಸುಗೆಂಪಾಗಿ, ಕೊನೆಗೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದನ್ನೂ ನಿನ್ನ ದುಂಡು ಅಕ್ಷರದಲ್ಲಿ ಗುರುತಿಸಿದ್ದೀಯೆ. ಆದರೆ ನಿನ್ನ ಕಣ್ಣು ಅಳತೆಯ ಗೆರೆಯಿಂದ ಒಂದು ಸಲವೂ ಮೇಲಕ್ಕೆ ಬರಲಿಲ್ಲ. ಹದಿಮೂರನೆಯ ದಿನ, ಇಡೀ ದಿನಕ್ಕೆ 30 ಮಿಲಿಲೀಟರಿಗಿಂತ ಕಡಿಮೆ ಬರತೊಡಗಿದ ಮೇಲೆ, ನರ್ಸ್ ನನಗೆ ದೀರ್ಘವಾಗಿ ಉಸಿರೆಳೆಯಲು ಹೇಳಿ ನಳಿಕೆಗಳನ್ನು ಎಳೆದರು. ಆಮೇಲೆ ಎರಡು ಸಲ ಅಲ್ಲಿ ನೀರು ಕೂಡಿಕೊಂಡು ಉಬ್ಬಿತು, ಸೂಜಿಯಿಂದ ತೆಗೆದರು. ಅಲ್ಲಿ ಚರ್ಮ ಮರಗಟ್ಟಿದ್ದರಿಂದ ಸೂಜಿ ಚುಚ್ಚಿದ್ದೂ ತಿಳಿಯಲಿಲ್ಲ.

ನಳಿಕೆ ತೆಗೆದ ದಿನ ರಾತ್ರಿ ಕನ್ನಡಿಯ ಮುಂದೆ ನಿಂತೆ. ಎದೆಮೂಳೆಯ ಅಂಚಿನಿಂದ ಕಂಕುಳಿನವರೆಗೆ ಓರೆಯಾಗಿ ಒಂದು ಗೆರೆ, ಅದರ ಮೇಲೆ ಒಣಗಿದ ಅಂಟಿನ ಹೊಳಪು, ಅಲ್ಲಲ್ಲಿ ದಾರ ಬಿಗಿದೆಳೆದ ಚೀಲದ ಬಾಯಿಯಂತೆ ನೆರಿಗೆ. ಅಳು ಬರಬಹುದೆಂದು ಕಾದೆ. ಬರಲಿಲ್ಲ, ಏಕೆಂದರೆ ಗೆರೆಯ ಸ್ವಲ್ಪ ಕೆಳಗೆ, ಎರಡು ಪಕ್ಕೆಲುಬುಗಳ ನಡುವೆ ಚರ್ಮ ಮೆಲ್ಲಗೆ ಮಿಡಿಯುತ್ತಿತ್ತು. ಮೊದಲು ಅದೇನೆಂದೇ ತಿಳಿಯಲಿಲ್ಲ. ತೆಗೆದದ್ದು ಎಡಭಾಗವಲ್ಲವೇ, ಅರವತ್ತೆಂಟು ವರ್ಷ ನನ್ನೊಳಗೆ ಬಡಿದುಕೊಂಡಿದ್ದನ್ನು ನಾನು ಕಣ್ಣಾರೆ ಕಂಡದ್ದು ಅಂದೇ ಮೊದಲು. ಈಗಲೂ ಸ್ನಾನದ ನಂತರ ಒಮ್ಮೆ ನೋಡಿಕೊಳ್ಳುತ್ತೇನೆ.

ಅತ್ತದ್ದು ಬೇರೆ ದಿನ, ತುರಿಕೆಗಾಗಿ. ಇಲ್ಲದ ಮೊಲೆತೊಟ್ಟು ನಡುರಾತ್ರಿ ತುರಿಸತೊಡಗಿತು. ಕೆರೆಯಲು ಹೋದರೆ ಬೆರಳಿಗೆ ಸಿಕ್ಕುವುದು ಮರಗಟ್ಟಿದ ಚರ್ಮ, ತುರಿಕೆ ಇರುವುದು ಅದರಿಂದ ಮೂರು ಬೆರಳು ಮುಂದೆ, ಬರಿಯ ಗಾಳಿಯಲ್ಲಿ. ಕತ್ತರಿಸಿದ ನರಗಳು ಹೀಗೆ ಹಳೆಯ ಜಾಗದ ಸುದ್ದಿಯನ್ನೇ ಮೆದುಳಿಗೆ ಕಳಿಸುತ್ತಿರುತ್ತವಂತೆ, ಬಹಳ ಜನರಿಗೆ ಆಗುವುದೇ ಅಂತೆ. ಮೇಲ್ದೋಳಿನ ಒಳಬದಿಯೂ ಹಾಗೆಯೇ, ನನ್ನದಲ್ಲದಂತೆ ಇದೆ. ಅದು ಪೂರ್ತಿ ಸರಿಯಾಗದೆಯೂ ಇರಬಹುದು ಎಂದಿದ್ದಾರೆ.

ಕೈಯ ವಿಷಯ ನಿನಗೆ ಅರ್ಧ ಗೊತ್ತು. ಕೋಣೆಯ ಗೋಡೆಯ ಮೇಲಿನ ಪೆನ್ಸಿಲ್ ಗೆರೆಗಳನ್ನು ಕಂಡು ನೀನು ಮಗುವಿನ ಎತ್ತರದ ಗುರುತೆಂದುಕೊಂಡೆ. ಅವು ನನ್ನವು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಜೇಡನಂತೆ ಮೇಲೇರಿಸುತ್ತಾ, ಕೈ ಎಷ್ಟು ಎತ್ತರಕ್ಕೆ ಮುಟ್ಟಿತೋ ಅಲ್ಲಿಗೆ ಒಂದು ಗೆರೆ. ಮೂರನೆಯ ವಾರದಲ್ಲಿ ಕಂಕುಳಿನಿಂದ ಮೊಣಕೈವರೆಗೆ ಚರ್ಮದಡಿ ತಂತಿ ಎಳೆದು ಕಟ್ಟಿದಂತಾಗಿ ಗೆರೆಗಳು ಕೆಳಗಿಳಿದವು. ಕಂಕುಳಿನ ಗ್ರಂಥಿಗಳನ್ನು ತೆಗೆದವರಲ್ಲಿ ಇದು ಅಪರೂಪವೇನಲ್ಲ, ಎಳೆದು ಸಡಿಲಿಸುವ ವ್ಯಾಯಾಮವನ್ನು ಬಿಡದಿದ್ದರೆ ವಾರಗಳಲ್ಲೋ ತಿಂಗಳುಗಳಲ್ಲೋ ಹೋಗುತ್ತದೆ ಎಂದು ಫಿಸಿಯೋಥೆರಪಿಸ್ಟ್ ಹೇಳಿದರು; ಹಾಗೆಯೇ ಆಯಿತು. ಈಗ ಮೇಲಿನ ಕಪಾಟು ಕೈಗೆ ಸಿಕ್ಕುತ್ತದೆ. ನಿನ್ನ ಅಜ್ಜಿಯ ತಂಗಿಯ ಎದೆ ಗುಳಿಬಿದ್ದು, ಕೈ ಎತ್ತಲಾಗದೆ ಇದ್ದದ್ದು ನಿನ್ನ ಮನಸ್ಸಿನಲ್ಲಿ ಕೂತಿದೆಯೆಂದು ನನಗೆ ಗೊತ್ತು. ಅವರಿಗೆ ಮಾಡಿದ್ದು ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾರಿಗೆ ತಂದ ಬಗೆಯದು. ಎದೆಯ ಸ್ನಾಯುಗಳನ್ನೂ ಸೇರಿಸಿ ಬಾಚಿ ತೆಗೆಯುತ್ತಿದ್ದರು. ಅಷ್ಟನ್ನು ತೆಗೆದದ್ದರಿಂದ ಬದುಕುವವರ ಸಂಖ್ಯೆಯೇನೂ ಹೆಚ್ಚುವುದಿಲ್ಲವೆಂದು ಅಮೆರಿಕದ ಶಸ್ತ್ರವೈದ್ಯ ಬರ್ನಾರ್ಡ್ ಫಿಶರ್ ಮತ್ತು ಸಂಗಡಿಗರು 1971ರಲ್ಲಿ ಆರಂಭಿಸಿದ ಪ್ರಯೋಗ ತೋರಿಸಿಕೊಟ್ಟಿತು. ನನ್ನ ಸ್ನಾಯುಗಳು ನನ್ನಲ್ಲೇ ಇವೆ.

ಕೈ ಬಾವು ಬರುವ ಭಯವಂತೂ ಇನ್ನೂ ಹೋಗಿಲ್ಲ. ಕಂಕುಳಿನ ಗ್ರಂಥಿಗಳನ್ನು ಗುಂಪಾಗಿ ತೆಗೆಸಿಕೊಂಡ ಐವರಲ್ಲಿ ಸುಮಾರು ಒಬ್ಬರಿಗೆ ಅದು ಬರುತ್ತದೆ, ವರ್ಷಗಳ ನಂತರವೂ ಬರಬಹುದು. ಹಾಗಾಗಿ ಪ್ರತಿ ಸೋಮವಾರ ಎರಡೂ ಕೈಗಳ ಸುತ್ತಳತೆ ತೆಗೆದು, ನೀನು ಡ್ರೇನಿನ ಲೆಕ್ಕ ಬರೆದ ಪುಸ್ತಕದಲ್ಲೇ ಮುಂದುವರಿಸಿ ಬರೆಯುತ್ತಿದ್ದೇನೆ. ಕ್ಯಾನ್ಸರ್ ಮರಳದಂತೆ ಕೊಡುವ ಲೆಟ್ರೊಜೋಲ್ ಮಾತ್ರೆಯನ್ನು ಐದು ವರ್ಷ ನುಂಗಬೇಕು. ಅದರಿಂದ ಬೆಳಗ್ಗೆ ಎದ್ದಾಗ ಕೀಲುಗಳೆಲ್ಲ ಹಿಡಿದುಕೊಳ್ಳುತ್ತವೆ, ಮೂಳೆ ಸವೆಯುತ್ತಿದೆಯೇ ಎಂದು ಆಗಾಗ ಪರೀಕ್ಷೆಯೂ ಆಗಬೇಕು. ನಿಜ ಹೇಳಬೇಕೆಂದರೆ, ಇಲ್ಲದ ಮೊಲೆಗಿಂತ ಇರುವ ಮೊಣಕಾಲುಗಳೇ ನನಗೆ ಹೆಚ್ಚು ತೊಂದರೆ ಕೊಡುತ್ತಿವೆ.

ಆ ಸಿಲಿಕೋನ್ ಸ್ತನವನ್ನು ನಾನು ದ್ವೇಷಿಸುವುದಿಲ್ಲ. ಉಳಿದಿರುವ ಬಲಗಡೆ ಭಾರವಾದ್ದರಿಂದ, ಬಹಳ ಹೊತ್ತು ನಡೆಯುವ ದಿನ ಅದನ್ನು ಹಾಕಿಕೊಂಡರೆ ಹೆಗಲು ವಾಲುವುದಿಲ್ಲ, ಬೆನ್ನೂ ನೋಯುವುದಿಲ್ಲ. ಆದರೆ ಸೆಕೆಯಲ್ಲಿ ಅದರ ಅಡಿಯಲ್ಲಿ ಬೆವರು ನಿಂತು ಗಾಯದ ಗೆರೆ ಕೆಂಪಾಗುತ್ತದೆ. ಕನ್ನಡಕ ಇದ್ದಂತೆ ಅದು, ನನಗೆ ಬೇಕಾದಾಗ ಹಾಕಿಕೊಳ್ಳುವುದಕ್ಕೆ. ಬಾಗಿಲಿಗೆ ಬಂದವರ ಸಲುವಾಗಿ ಇನ್ನು ಮೇಲೆ ಹಾಕಿಕೊಳ್ಳುವುದಿಲ್ಲ. ನೀನು ಪಕ್ಕದಲ್ಲಿದ್ದರೂ ಅಷ್ಟೇ.

ನಿನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ನನ್ನದು ವಂಶವಾಹಿಯಿಂದ ಬಂದದ್ದೇ ಎಂದು ನೀನು ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕುತ್ತಿದ್ದೀಯೆಂದು ಅಳಿಯಂದಿರು ಹೇಳಿದರು. ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ ಐದರಿಂದ ಹತ್ತು ಮಾತ್ರ ಹಾಗೆ ಬರುವಂಥವು. ಆದರೂ ಕುಟುಂಬದಲ್ಲಿ ಇಬ್ಬರಾದ್ದರಿಂದ ಬಿಆರ್‌ಸಿಎ ಎಂಬ ವಂಶವಾಹಿಗಳ ಪರೀಕ್ಷೆಗೆ ನಾನೇ ರಕ್ತ ಕೊಟ್ಟು ಬಂದಿದ್ದೇನೆ. ರೋಗ ಬಂದವರನ್ನೇ ಮೊದಲು ಪರೀಕ್ಷಿಸಿದರೆ ಫಲಿತಾಂಶ ಹೆಚ್ಚು ತಿಳಿಯಾಗಿರುತ್ತದಂತೆ. ವರದಿ ಬರುವವರೆಗೆ ಮೊಬೈಲ್ ಕೆಳಗಿಟ್ಟು ಮಲಗು. ಸ್ತನದ ಎಕ್ಸ್‌ರೇ ಇದೆಯಲ್ಲ, ಮ್ಯಾಮೊಗ್ರಾಮ್, ಅದನ್ನು ಯಾವಾಗಿನಿಂದ ಶುರು ಮಾಡಬೇಕೆಂದು ನಿನ್ನ ವೈದ್ಯರನ್ನು ಕೇಳಿ, ಅವರು ಹೇಳಿದ್ದನ್ನು ನನಗೂ ತಿಳಿಸು.

ಕೊನೆಯದಾಗಿ, ನೀನು ಬೇಡವೆನ್ನಬಹುದಾದ ಒಂದು ವಿಷಯ. ನನ್ನ ಕಂಕುಳಿನ ಕೆಳಗೆ, ಗೆರೆ ಮುಗಿಯುವ ಕಡೆ, ಚರ್ಮದ ಒಂದು ಮಡಿಕೆ ಕಿವಿಯಂತೆ ಜೋತುಕೊಂಡಿದೆ. ಕೈ ಬೀಸಿದಾಗಲೆಲ್ಲ ಉಜ್ಜಿ ಉರಿಯುತ್ತದೆ. ಹೊಲಿಯುವಾಗಲೇ ಅದನ್ನು ಸರಿಮಾಡಬಹುದಿತ್ತೆಂದು ಪ್ಲಾಸ್ಟಿಕ್ ಸರ್ಜನ್ ಹೇಳಿದರು. ‘ಮುದುಕಿ, ಚಪ್ಪಟೆಯೇ ಸಾಕೆಂದಳು, ಚಪ್ಪಟೆ ಹೇಗಿದ್ದರೇನು’ ಎಂದು ಮೊದಲಿನ ವೈದ್ಯರಿಗೆ ಅನ್ನಿಸಿರಬೇಕು. ಎದೆಯನ್ನು ನಯವಾಗಿ, ಸಮವಾಗಿ ಮುಚ್ಚುವುದೂ ಒಂದು ಪ್ರತ್ಯೇಕ ಕೆಲಸ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಅದಕ್ಕೆ ‘ಏಸ್ಥೆಟಿಕ್ ಫ್ಲಾಟ್ ಕ್ಲೋಷರ್’ ಎಂಬ ಹೆಸರನ್ನು ತನ್ನ ಪದಕೋಶದಲ್ಲಿ ಸೇರಿಸಿದ್ದೇ 2020ರಲ್ಲಿ, ಹಾಗಿರುವಾಗ ಯಾರನ್ನು ದೂರಲಿ. ಮುಂದಿನ ತಿಂಗಳು ಆ ಮಡಿಕೆಯನ್ನು ತೆಗೆಸಿಕೊಳ್ಳುತ್ತಿದ್ದೇನೆ. ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು ಮಾಡುವ ಚಿಕ್ಕ ಕೆಲಸ, ಅಂದೇ ಮನೆಗೆ ಬರಬಹುದು. ‘ಬೇಡವೆಂದವಳಿಗೆ ಈಗೇಕೆ ಆಪರೇಷನ್’ ಎಂದು ನೀನು ಕೇಳಬಹುದು. ನಾನು ಬೇಡವೆಂದದ್ದು ಹೊಸ ಮೊಲೆಯನ್ನು, ಅಂದವನ್ನಲ್ಲ.

ಆ ದಿನ ನೀನು ನನ್ನ ಜೊತೆಗಿರಬೇಕು. ಡ್ರೆಸ್ಸಿಂಗ್ ಬದಲಿಸುವಾಗ ಈ ಸಲ ಕಣ್ಣೆತ್ತಿ ನೋಡು, ಸಾಧ್ಯವಾದರೆ ಮಾತ್ರ. ಬರುವಾಗ ಹೊಲಿಗೆ ಬಿಚ್ಚುವ ನಿನ್ನ ಆ ಸಣ್ಣ ಕತ್ತರಿಯನ್ನು ತಪ್ಪದೆ ತಾ. ನನ್ನ ಅಂಗಿಗಳ ಎಡಭಾಗದ ಡಾಟುಗಳು, ಅಂದರೆ ಎದೆಯ ಉಬ್ಬಿಗೆಂದು ಮಡಿಚಿ ಹೊಲಿದ ಹೊಲಿಗೆಗಳು, ಎದೆಯ ಮೇಲೆ ಖಾಲಿ ಚೀಲದಂತೆ ಉಬ್ಬಿ ನಿಲ್ಲುತ್ತವೆ; ಒಂದರದ್ದನ್ನು ಬಿಚ್ಚಿ ನೋಡಿದೆ, ಬಟ್ಟೆ ಚೆನ್ನಾಗಿ ಇಳಿಬಿದ್ದು ಕೂತಿತು. ಇನ್ನೂ ಆರು ಅಂಗಿಗಳಿವೆ, ಒಳದಾರ ನನ್ನ ಕಣ್ಣಿಗೆ ಸರಿಯಾಗಿ ಕಾಣುತ್ತಿಲ್ಲ.

ಇಂತಿ,
ನಿನ್ನ ಅಮ್ಮ