ಅಪ್ಪನ ಕೊನೆಯ ದಿನಗಳಲ್ಲಿ ಜೊತೆಗಿದ್ದವರಿಗೆ

ಅಪ್ಪ ಹೋಗಿ ಇವತ್ತಿಗೆ ಮೂರು ತಿಂಗಳು. ಮನೆಗೆ ಬಂದವರ ಹತ್ತಿರ, ಫೋನ್ ಮಾಡಿದವರ ಹತ್ತಿರ ಆಗ ಸರಿಯಾಗಿ ಮಾತಾಡಲೂ ಆಗಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್ ಹೇಳಬೇಕು. ಮೊದಲು, ಕೊನೆಯ ಐದು ವಾರ ನಮ್ಮ ಜೊತೆಗಿದ್ದ ಡೆತ್ ಡೂಲಾ ಅಕ್ಕನಿಗೆ. ಹೆಸರು ಬರೆಯಬೇಡ ಅಂದಿದ್ದಾರೆ, ಅದಕ್ಕೆ ಅಕ್ಕ ಅಂತಲೇ ಕರೆಯುತ್ತೇನೆ.

ಡೂಲಾ ಅಂದರೆ ಹೆರಿಗೆಯ ಹೊತ್ತಲ್ಲಿ ತಾಯಿಯ ಪಕ್ಕ ಇರುವವರು ಅಂತಷ್ಟೇ ನನಗೆ ಗೊತ್ತಿತ್ತು. ಸಾಯುವವರ ಪಕ್ಕವೂ ಹಾಗೆ ಇರುವವರಿದ್ದಾರೆ ಅಂತ ಹೇಳಿದ್ದು ಗೆಳತಿ. ಇವರು ನರ್ಸ್ ಅಲ್ಲ, ಔಷಧಿ ಕೊಡುವುದಿಲ್ಲ. ಕೂರುತ್ತಾರೆ, ಕೇಳಿಸಿಕೊಳ್ಳುತ್ತಾರೆ, ಮುಂದೆ ಏನಾಗುತ್ತದೆ ಅಂತ ಮೊದಲೇ ತಿಳಿಸುತ್ತಾರೆ. ಮನೆಯವರು ಎರಡು ಗಂಟೆ ಮಲಗಲಿ ಅಂತ ತಾವು ಎಚ್ಚರ ಇರುತ್ತಾರೆ.

ಮೂವರ ಹತ್ತಿರ ಮಾತಾಡಿದೆವು. ತರಬೇತಿ ಎಲ್ಲಿ ಆಯ್ತು, ರಾತ್ರಿ ಕರೆದರೆ ಬರುತ್ತಾರಾ, ದುಡ್ಡೆಷ್ಟು, ಎಲ್ಲ ಕೇಳಿದೆವು. ಒಬ್ಬರು "ನಿಮ್ಮವರ ಪದ್ಧತಿ ಎಲ್ಲ ನನಗೆ ಗೊತ್ತು" ಅಂತ ಶುರು ಮಾಡಿ, ನಮ್ಮ ಮನೆಯಲ್ಲಿ ಯಾರೂ ಮಾಡದ್ದನ್ನೇ ಹೇಳುತ್ತಾ ಹೋದರು. ಅಕ್ಕ ನೋಟ್‌ಬುಕ್ ತೆಗೆದು, "ನನಗೆ ಗೊತ್ತಿಲ್ಲ, ನೀವೇ ಹೇಳಿ" ಅಂದರು. ಅಲ್ಲಿಗೆ ನನ್ನ ಮನಸ್ಸು ನಿಂತಿತು.

ಅವರು ಕೇಳಿದ್ದೆಲ್ಲ ಚಿಕ್ಕ ಚಿಕ್ಕ ಪ್ರಶ್ನೆ. ಕೊನೆಯಲ್ಲಿ ಪ್ರಾರ್ಥನೆ ಬೇಕಾ, ಮೌನ ಬೇಕಾ? ಹೋದ ಮೇಲೆ ಮೈ ಯಾರು ಮುಟ್ಟಬಹುದು, ಯಾರು ತೊಳೆಯಬೇಕು? ಕಾಯಿಲೆಯ ವಿಷಯ ಅಪ್ಪನಿಗೆ ಎಷ್ಟು ಹೇಳಬೇಕು? ನಾವು ಅಪ್ಪನಿಂದ ಎಲ್ಲ ಮುಚ್ಚಿಟ್ಟಿದ್ದೆವು. "ಎಷ್ಟು ತಿಳಿಯಬೇಕು ಅಂತ ಅವರನ್ನೇ ಕೇಳೋಣ ಅಲ್ವಾ?" ಅಂದರು ಅಕ್ಕ. ಕೇಳಿದರೆ, ಅಪ್ಪನಿಗೆ ನಮಗಿಂತ ಜಾಸ್ತಿಯೇ ಗೊತ್ತಿತ್ತು.

ಶಾಸ್ತ್ರದ ವಿಷಯಕ್ಕೆ ಮನೆಯಲ್ಲಿ ಜಗಳವೇ ಆಯ್ತು. ಅಪ್ಪ ಅದನ್ನೆಲ್ಲ ನಂಬಿದವರಲ್ಲ. ಅತ್ತೆಗೆ ಅದಿಲ್ಲದೆ ಆಗದು. ಜೊತೆಗೆ, ಸಾವಿನ ಮನೆಗೆ ಹೊರಗಿನವರು ಯಾಕೆ ಅಂತ ಅತ್ತೆಗೆ ಕೋಪ. ಅಕ್ಕ ಯಾರ ಪಕ್ಷವನ್ನೂ ಹಿಡಿಯಲಿಲ್ಲ. ಅಪ್ಪನನ್ನೇ ಕೇಳಿ, ಅವರ ಮಾತನ್ನು ಹಾಗೇ ಬರೆದುಕೊಂಡರು: "ಅವಳಿಗೆ ಸಮಾಧಾನ ಆಗೋದಾದರೆ ಮಾಡಲಿ. ನಾನು ಹೋದ ಮೇಲೆ. ಅಲ್ಲಿವರೆಗೆ ಸುಮ್ನೆ ನನ್ನ ಕೈ ಹಿಡಿದು ಕೂತಿರಲಿ." ಅತ್ತೆ ಆ ಪುಟವನ್ನು ಎರಡು ಸಲ ಓದಿದರು. ಆಮೇಲೆ ಕುರ್ಚಿ ಎಳೆದುಕೊಂಡು ಪಕ್ಕ ಕೂತರು.

ಆಧುನಿಕ ಹಾಸ್ಪೈಸ್ ಆರೈಕೆಗೆ, ಅಂದರೆ ವಾಸಿಯಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ಆರೈಕೆಗೆ, ದಾರಿ ಹಾಕಿದ ಸಿಸಿಲಿ ಸಾಂಡರ್ಸ್ 1967ರಲ್ಲೇ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಶುರು ಮಾಡಿದವರು. ಸಾಯುವವರ ನೋವು ಮೈಯದ್ದು ಮಾತ್ರ ಅಲ್ಲ, ಮನಸ್ಸಿನದ್ದೂ ಸಂಬಂಧಗಳದ್ದೂ ಸೇರಿರುತ್ತದೆ ಅನ್ನುತ್ತಿದ್ದರಂತೆ. ಇದನ್ನು ಅಕ್ಕ ಹೇಳಿದ್ದು ಅಪ್ಪ ರಾತ್ರಿಯೆಲ್ಲ ಹೊರಳಾಡುತ್ತಿದ್ದಾಗ. ಔಷಧಿ ಸರಿಯಾಗೇ ಇತ್ತು. ಮತ್ತೆ ಆಸ್ಪತ್ರೆಗೆ ಸೇರಿಸಿಬಿಡುತ್ತೇವೆ ಅನ್ನೋ ಭಯ ಅವರಿಗೆ. ಇಲ್ಲ ಅಂತ ಮಾತು ಕೊಟ್ಟ ರಾತ್ರಿ ನಿದ್ದೆ ಮಾಡಿದರು.

ಕೊನೆಯ ದಿನ ಪಾದ ತಣ್ಣಗಾಯ್ತು. ಉಸಿರು ನಿಂತು, ಮತ್ತೆ ಬರುತ್ತಿತ್ತು. ಮೊದಲೇ ಗೊತ್ತಿಲ್ಲದಿದ್ದರೆ ನಾನು ಗಾಬರಿಯಲ್ಲಿ ಆಂಬುಲೆನ್ಸ್ ಕರೆದಿರುತ್ತಿದ್ದೆ. ಚಿಕ್ಕ ಸ್ಪಂಜನ್ನು ನೀರಿಗೆ ಅದ್ದಿ, ಹಿಂಡಿ, ತುಟಿಗೆ ಹೇಗೆ ಒತ್ತಬೇಕು ಅಂತ ಅಕ್ಕ ತೋರಿಸಿದರು. "ಮಾತಾಡಿ, ಕೇಳಿಸುತ್ತಿರಬಹುದು" ಅಂದರು. ಮಾತಾಡಿದೆ. ಉಸಿರು ನಿಂತ ಮೇಲೆ ನಾನು ಗಡಬಡಿಸಿ ಎದ್ದಾಗ ಭುಜ ಮುಟ್ಟಿ, "ಈಗ ಏನೂ ಮಾಡಬೇಕಾಗಿಲ್ಲ, ಕೂತ್ಕೊಳ್ಳಿ" ಅಂದರು. ಆ ಅರ್ಧ ಗಂಟೆಗೆ ನಾನು ಯಾವತ್ತೂ ಋಣಿ.

ನೋವಿಗೆ ತಕ್ಕಂತೆ ಔಷಧಿ ಹೊಂದಿಸಿ, ಯಾವ ಹೊತ್ತಿಗೆ ಕರೆದರೂ ಬಂದ ನರ್ಸ್‌ಗಳಿಗೆ, ಓಡಾಟವನ್ನೆಲ್ಲ ತಲೆ ಮೇಲೆ ಹೊತ್ತ ಭಾವನಿಗೆ, ದಾರಿ ತೋರಿಸಿದ ಗೆಳತಿಗೆ ತುಂಬಾ ಥ್ಯಾಂಕ್ಸ್.

ಅಕ್ಕಾ, ಬಿಡುವಾದಾಗ ಮನೆಗೆ ಬನ್ನಿ. ಅತ್ತೆ ದಿನಾ ನಿಮ್ಮನ್ನು ಕೇಳುತ್ತಿರುತ್ತಾರೆ.