ಅಕ್ಷರ ಕಲಿಸಿದ ಆ ಹಿರಿಯರಿಗೆ

ರಾಜ್ಯ ಕಾರಾಗೃಹದಲ್ಲಿ ಶಿಕ್ಷೆ ಅನುಭವಿಸುತ್ತಿದ್ದಾಗ, ವಾರಕ್ಕೊಮ್ಮೆ ಬಂದು ನನಗೆ ಓದು ಬರಹ ಕಲಿಸಿದ ಹಿರಿಯರೊಬ್ಬರಿಗೆ ನಾನು ಋಣಿ. ಬೆಳಗಿನ ತಲೆ ಎಣಿಕೆಯಿಂದ ಸಂಜೆ ಬೀಗ ಬೀಳುವವರೆಗೆ ಎಲ್ಲವೂ ಬೇರೆಯವರ ಅಪ್ಪಣೆಯಂತೆ ನಡೆಯುವ ಆ ಬದುಕಿನಲ್ಲಿ, ‘ಇವತ್ತು ಯಾವ ಪಾಠ ಓದೋಣ, ನೀವೇ ಹೇಳಿ’ ಎಂದು ಅವರು ಕೇಳುತ್ತಿದ್ದುದೇ ನನಗೆ ದೊಡ್ಡ ಸಂಗತಿಯಾಗಿತ್ತು. ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ, ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ಹೇಳುವ ಮಂಡೇಲಾ ನಿಯಮಗಳಲ್ಲಿ 64ನೆಯದು ಪ್ರತಿ ಸೆರೆಮನೆಯಲ್ಲೂ ಗ್ರಂಥಾಲಯವಿರಬೇಕೆನ್ನುತ್ತದೆ. ನಮ್ಮಲ್ಲಿಯೂ ಇತ್ತು, ಆದರೆ ಅಕ್ಷರ ಬಾರದವನಿಗೆ ಅದು ಬೀಗ ಹಾಕಿದ ಇನ್ನೊಂದು ಕೋಣೆಯಷ್ಟೇ. ಸಹಕೈದಿಯಿಂದ ಬರೆಸುತ್ತಿದ್ದ ಪತ್ರವನ್ನು (ಹೆಂಡತಿಗೆ ಹೇಳಬೇಕಾದದ್ದನ್ನು ಇನ್ನೊಬ್ಬನೆದುರು ಹೇಳುವ ಸಂಕೋಚ ಸಣ್ಣದಲ್ಲ) ನಾನೇ ಬರೆಯುವಂತಾದದ್ದು ಅವರಿಂದ. ನನ್ನ ಅಪರಾಧವೇನೆಂದು ಅವರು ಒಮ್ಮೆಯೂ ಕೇಳಲಿಲ್ಲ. ಬಿಡುಗಡೆಯ ದಿನ ಅವರು ಬರುವ ದಿನವಾಗಿರಲಿಲ್ಲವಾದ್ದರಿಂದ ಹೇಳದೆ ಉಳಿದ ಧನ್ಯವಾದವನ್ನು ಈಗ ಸ್ವಂತ ಕೈಬರಹದಲ್ಲಿ ತಿಳಿಸುತ್ತಿದ್ದೇನೆ.