ವೈಫೈ ಸಮೀಕ್ಷೆ: ಮೊದಲು ನಮಗೆ ಹೇಳಬೇಕಿತ್ತು

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯಲ್ಲಿ ಕಾರು ಸುತ್ತಾಡಿಸಿ ವೈಫೈ ಭದ್ರತೆ ಅಳೆದ ವರದಿ ನಿನ್ನೆ ನಿಮ್ಮ ಪತ್ರಿಕೆಯಲ್ಲೇ ಬಂದಿದೆ. ಜೊತೆಗೊಂದು ನಕ್ಷೆ. ನಕ್ಷೆ ತುಂಬಾ ಕೆಂಪು ಚುಕ್ಕೆ, ಚುಕ್ಕೆಯ ಪಕ್ಕ ವೈಫೈ ಹೆಸರು. ಅದರಲ್ಲಿ ನಮ್ಮದೂ ಒಂದು. ನಮ್ಮ ವೈಫೈಗೆ ಇಟ್ಟಿರುವುದು ಮನೆಯ ಹೆಸರೇ, ಗೇಟಿನ ಮೇಲೂ ಅದೇ ಹೆಸರಿದೆ. ಇನ್ನು ಯಾರ ಮನೆ ಅಂತ ಹುಡುಕಬೇಕಾ? ಬೆಳಿಗ್ಗೆ ಏಳಕ್ಕೇ ಫೋನ್ ಶುರುವಾಯಿತು. "ನಿಮ್ಮ ಮನೆಯದು ವೀಕ್ ಅಂತೆ, ಪೇಪರಲ್ಲಿ ಬಂದಿದೆಯಲ್ಲಾ" ಅಂತ.

ಆ ಕಾರನ್ನು ನಾನೇ ನೋಡಿದ್ದೆ. ಮೇಲೆ ಗಿಡ್ಡ ಆಂಟೆನಾ, ಹಿಂದಿನ ಸೀಟಿನಲ್ಲಿ ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡ ಹುಡುಗ. ವಿಳಾಸ ಹುಡುಕುತ್ತಿದ್ದಾರೇನೋ ಅಂದುಕೊಂಡು "ಯಾರ ಮನೆ ಬೇಕಿತ್ತು?" ಅಂತ ಕೇಳಿದೆ. ಹುಡುಗ ತಲೆ ಎತ್ತಲಿಲ್ಲ. ಆಗಲೇ ಒಂದು ಮಾತು ಹೇಳಿದ್ದರೆ ಈ ಪತ್ರವೇ ಬೇಕಿರಲಿಲ್ಲ.

ಮಗಳು ವಿಷಯ ಬಿಡಿಸಿ ಹೇಳಿದಳು. ರೂಟರ್ ಸೆಕೆಂಡಿಗೆ ಸುಮಾರು 10 ಸಲ ತನ್ನ ಹೆಸರನ್ನೂ ತನಗೆ ಯಾವ ಬಗೆಯ ಬೀಗ ಹಾಕಿದೆ ಅನ್ನುವುದನ್ನೂ ಸುತ್ತಲೂ ಸಾರುತ್ತಲೇ ಇರುತ್ತದಂತೆ. ರಸ್ತೆಯಲ್ಲಿ ಹೋಗುವವರು ಅದನ್ನು ಹಿಡಿದುಕೊಂಡರೆ ಸಾಕು, ಒಳಗೆ ನುಗ್ಗಬೇಕಾಗಿಲ್ಲ. ಒಪ್ಪಿದೆ. ಆದರೆ ಗೂಗಲ್‌ನ ಸ್ಟ್ರೀಟ್ ವ್ಯೂ ಕಾರುಗಳೂ ಹೀಗೇ ವೈಫೈ ಹೆಸರು ಬರೆದುಕೊಳ್ಳುತ್ತಾ ಹೋದವು. ಬೀಗವಿಲ್ಲದ ಕಡೆ ಜನರ ಇಮೇಲ್, ಪಾಸ್‌ವರ್ಡ್‌ಗಳನ್ನೂ ತುಂಬಿಕೊಂಡು ಬಂದಿದ್ದವು ಅಂತ 2010ರಲ್ಲಿ ಆ ಕಂಪನಿಯೇ ಒಪ್ಪಿಕೊಂಡಿತು. ನಮ್ಮ ರಸ್ತೆಗೆ ಬಂದ ಕಾರು ಹೆಸರು ಬಿಟ್ಟು ಬೇರೇನೂ ಒಯ್ದಿಲ್ಲ ಅನ್ನುವುದಕ್ಕೆ ಖಾತರಿ ಯಾರು? ವರದಿಯಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ.

ಇಷ್ಟಕ್ಕೂ ನಮ್ಮ ತಪ್ಪೇನು? ರೂಟರ್ ಕೂರಿಸಿದ್ದು ಇಂಟರ್ನೆಟ್ ಕಂಪನಿಯ ಹುಡುಗ. ನನ್ನ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ, "ಸೆಟ್ಟಿಂಗ್ಸ್ ಮುಟ್ಟಬೇಡಿ ಸಾರ್, ನೆಟ್ ಹೋಗುತ್ತೆ" ಅಂದ. ನಾವು ಮುಟ್ಟಲಿಲ್ಲ. ಪಾಸ್‌ವರ್ಡ್ ಒತ್ತದೆಯೇ ಫೋನು, ಪ್ರಿಂಟರ್‌ಗಳನ್ನು ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ ಅನ್ನುವ ಸೌಲಭ್ಯವನ್ನೂ ತೆರೆದೇ ಬಿಟ್ಟು ಹೋಗಿದ್ದ. ಅದಕ್ಕೆ 8 ಅಂಕಿಯ ಪಿನ್ ಇದೆ. ರೂಟರ್ ಅದನ್ನು ಎರಡು ತುಂಡು ಮಾಡಿ ಪರೀಕ್ಷಿಸುತ್ತದೆ. ಹಾಗಾಗಿ ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಸಿಕ್ಕಿಬಿಡುತ್ತದೆ. ಈ ಲೋಪ ಬಯಲಾಗಿದ್ದು 2011ರಲ್ಲಿ. ಇದು ಗೊತ್ತಿರಬೇಕಾದ್ದು ನನಗಾ, ಮನೆಮನೆಗೆ ಬಂದು ಕೂರಿಸುವವರಿಗಾ?

ನಿನ್ನೆ ಇಡೀ ದಿನ ಇದರಲ್ಲೇ ಹೋಯಿತು. ಪಾಸ್‌ವರ್ಡ್ ಬದಲಿಸಿದ ಕೂಡಲೇ ಟಿವಿ ನಿಂತಿತು, ಪ್ರಿಂಟರ್ ನಿಂತಿತು, ಗೇಟಿನ ಕ್ಯಾಮೆರಾ ನಿಂತಿತು. ಏಣಿ ಹಾಕಿಕೊಂಡು ಹತ್ತಿ, ಸೇಫ್ಟಿ ಪಿನ್ನಿನ ಮೊನೆಯಿಂದ ಕ್ಯಾಮೆರಾದ ರೀಸೆಟ್ ಗುಂಡಿ ಒತ್ತಿದೆ. ಟಿವಿ ರಿಮೋಟಿನಲ್ಲಿ 16 ಅಕ್ಷರದ ಪಾಸ್‌ವರ್ಡ್ ಒಂದೊಂದಾಗಿ ಹುಡುಕಿ ಒತ್ತಬೇಕು, ಒಂದು ತಪ್ಪಿದರೆ ಮತ್ತೆ ಮೊದಲಿಂದ. ನಾಲ್ಕು ಸಲ ಒತ್ತಿದ್ದೇನೆ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ 40 ನಿಮಿಷ ಕಾದೆ. ಕೊನೆಗೆ ಸಿಕ್ಕ ಉತ್ತರ: "ನಿಮ್ಮ ರೂಟರ್ ಹಳೇದು, ಅಪ್‌ಡೇಟ್ ಬರಲ್ಲ, ಹೊಸದು ತಗೊಳ್ಳಿ."

ಅಧಿಕಾರಿಗಳದ್ದೂ ಇದೇ ಕಥೆ. ಕೇಬಲ್ ಹಾಕಲು ನಮ್ಮ ರಸ್ತೆಯನ್ನು ಮೂರು ಸಲ ಅಗೆದರು, ಮುಚ್ಚಿದ್ದು ಒಂದೇ ಸಲ. ಬೀದಿದೀಪಕ್ಕೆ ದೂರು ಕೊಟ್ಟರೆ "ಪರಿಹರಿಸಲಾಗಿದೆ" ಅಂತ ಮೆಸೇಜ್ ಬಂತು, ದೀಪ ಇವತ್ತಿಗೂ ಹತ್ತಿಲ್ಲ. ಈ ಸಮೀಕ್ಷೆಯ ಕಾರೂ ಅದೇ ಕತ್ತಲ ತಿರುವಿನಲ್ಲಿ, ಅದೇ ಗುಂಡಿಗೆ ಇಳಿದು ಎದ್ದು ಹೋಯಿತು. ಕಣ್ಣೆದುರಿನ ಗುಂಡಿ ಕಾಣದವರಿಗೆ ಗೋಡೆಯೊಳಗಿನ ವೈಫೈ ಮಾತ್ರ ಕಾಣುತ್ತದಾ?

ಸಂಬಂಧಪಟ್ಟವರು ಈ ಕಾರುಗಳನ್ನು ಕೂಡಲೇ ನಿಲ್ಲಿಸಬೇಕು. ಬರಲೇಬೇಕು ಅಂದರೆ ಬಾಗಿಲು ತಟ್ಟಲಿ, ಇಂಥ ಕಡೆ ಸಡಿಲ ಇದೆ ಅಂತ ತೋರಿಸಲಿ, ಸರಿ ಮಾಡಿಕೊಟ್ಟು ಹೋಗಲಿ. ರೂಟರ್ ಕೂರಿಸುವ ಕಂಪನಿಗಳ ಮೇಲೂ ಏನಾದರೂ ಕ್ರಮ ಆಗಲೇಬೇಕು. ನೀವೂ ಅಷ್ಟೇ ಸ್ವಾಮಿ, ನಮ್ಮ ಮನೆ ಹೆಸರು ಅಚ್ಚು ಹಾಕುವ ಮುಂಚೆ ನಮ್ಮನ್ನು ಒಂದು ಮಾತು ಕೇಳಬಾರದಿತ್ತಾ?

– ನೊಂದ ನಿವಾಸಿ